ಏಕಾದಶಿಯಂದು ಅವ್ವ ಉಂಡ ಬದನೆಕಾಯಿ

ಒಂದು ಹಾಡಿನ ಎರಡನೇ ಚರಣದ ಮೂರನೇ ಸಾಲು ನನಗೆ ಹತ್ತು ಹನ್ನೆರಡು ವರ್ಷ ಸಿಕ್ಕಿರಲಿಲ್ಲ. ತೊಂಬತ್ತರ ದಶಕದಲ್ಲಿ ಸೇಡಂನ ನಮ್ಮ ಮನೆಯಲ್ಲಿ ರೇಡಿಯೋ ಎದುರು ನೋಟ್‌ಬುಕ್ಕು ಹಿಡಿದು ಕೂತು, ನನ್ನ ಮೆಚ್ಚಿನ ಗಾಯಕಿ ಹಾಡಿದ್ದನ್ನೆಲ್ಲ ಬರೆದುಕೊಳ್ಳುವ ಹುಚ್ಚು ನನಗೆ. ಸರಿಯಾಗಿ ಆ ಸಾಲಿಗೇ ಕರೆಂಟು ಹೋಯಿತು. ಆಮೇಲೆ ಆ ಹಾಡು ಬಂದಾಗಲೆಲ್ಲ ಯಾರಾದರೂ ಬಾಗಿಲು ಬಡಿಯುವುದು, ಇಲ್ಲವೇ ಅವ್ವ ಒಳಗಿನಿಂದ ಕೂಗುವುದು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಜಾಗ ಖಾಲಿಯೇ ಉಳಿಯಿತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಸೈಬರ್ ಕೆಫೆ ಬಂತು. ನಾನು ಆಗ ಊರಿನ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ವಯಸ್ಸು ಮೂವತ್ತೈದು, ಮದುವೆಯಾಗಿರಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲಿ. ಕಚೇರಿಯಲ್ಲಿ ನನ್ನ ಟೇಬಲ್ಲಿನ ಕಡೆ ಜನ ಕೆಲಸವಿದ್ದರಷ್ಟೇ ಬರುತ್ತಿದ್ದರು. ಒಂದು ಸಂಜೆ ಕೆಫೆಯ ಪ್ಲೈವುಡ್ ಗೂಡಿನಲ್ಲಿ ಕೂತು, ಆ ಗಾಯಕಿಯ ಅಭಿಮಾನಿಗಳ ಗುಂಪೊಂದನ್ನು ಹುಡುಕಿ ಕೇಳಿದೆ: ಆ ಮೂರನೇ ಸಾಲು ಯಾರಿಗಾದರೂ ಗೊತ್ತಾ? ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವ ಕಾಲ ಅದು. ಕಾಲು ಗಂಟೆಯಲ್ಲಿ ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ಸಾಲು ಬರೆದು ಹಾಕಿದರು. ಅಷ್ಟು ವರ್ಷ ಕಾದ ಸಾಲು, ನೋಡಿದರೆ ಸುಮಾರಾಗಿತ್ತು. ಅಯ್ಯ, ಇಷ್ಟಕ್ಕೇನಾ ಅನ್ನಿಸಿತು. ಥ್ಯಾಂಕ್ಸ್ ಬರೆದು ಏಳಬೇಕು ಅನ್ನುವಷ್ಟರಲ್ಲಿ ಕೆಳಗೆ ಇನ್ನೊಂದು ಮಾತು ಬಂತು. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಕುಂದಾಪುರದ ಕಡೆಯ ಹುಡುಗಿ ಬರೆದಿದ್ದಳು: "ಸೇಡಂ ಅಂದ್ರೆ ಎಲ್ಲಿ ಮಾರಾಯ್ರೆ? ನಿಮ್ಮದು ಊಟ ಆಯ್ತಾ?"

ನಾನು ಮತ್ತೆ ಕೂತೆ. ಮನೆಯಲ್ಲಿ ಅವ್ವನನ್ನು ಬಿಟ್ಟರೆ ಊಟ ಆಯಿತಾ ಎಂದು ನನ್ನನ್ನು ಕೇಳಿದವರು ಯಾರೂ ಇರಲಿಲ್ಲ.

ಆ ಗುಂಪಿನಲ್ಲಿ ಹಾಡಿನ ಮಾತು ಊಟದೆಲೆಯ ಉಪ್ಪಿನಕಾಯಿಯಷ್ಟು. ಉಳಿದದ್ದೆಲ್ಲ ಹರಟೆ. ಮಳೆ ಬಂತಾ, ಕರೆಂಟು ಇದೆಯಾ, ಮೊಣಕಾಲು ಹೇಗಿದೆ, ಪಕ್ಕದ ಮನೆಯ ನಾಯಿ ನಿನ್ನೆಯೂ ಬೊಗಳಿತಾ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಊರೇ ಹೆಸರು. ನಾನು ಸೇಡಂ ಆದೆ, ಆಕೆ ಮಸ್ಕತ್ತು. ಸಂಜೆ ಬಂದವರು ಮೊದಲು ಹಾಜರಿ ಹಾಕಬೇಕೆನ್ನುವುದು ಒಂದು ರೂಢಿ. ಹಾಜರಿ ಅಂದರೆ ಅವತ್ತು ಏನು ಉಂಡೆವು ಎಂದು ಒಂದು ಸಾಲು ಬರೆಯುವುದು. ಅದರ ಕೆಳಗೆ ಉಳಿದವರ ತಮಾಷೆ, ಹೊಟ್ಟೆಕಿಚ್ಚು, ಉಪದೇಶ. ಸೊಲ್ಲಾಪುರದಲ್ಲಿ ಮಗನ ಮನೆಯಲ್ಲಿದ್ದ ಒಬ್ಬ ಹಿರಿಯ ಹೆಂಗಸಿದ್ದರು, ರಾಯಚೂರು ಅವರ ತವರು. ಅವರನ್ನು ಮಾತ್ರ ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ನಮ್ಮ ಹಾಗೆಯೇ ವೈಷ್ಣವರು. ಏಕಾದಶಿ ಬಂದರೆ ಅವರ ಹಾಜರಿಯಲ್ಲಿ ಒಂದೇ ಶಬ್ದ: "ನೀರು."

ನಮ್ಮ ಅವ್ವ ಇನ್ನೂ ಒಂದು ಕೈ ಮೇಲು. ಏಕಾದಶಿಗೆ ಆಕೆ ನೀರನ್ನೂ ಮುಟ್ಟುತ್ತಿರಲಿಲ್ಲ. ಅಪ್ಪ ಕೊಡ್ಲಿಯ ಶಾಲೆಯಲ್ಲಿ ಮಾಸ್ತರರಾಗಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಅಕ್ಕ ಮದುವೆಯಾಗಿ ಶಹಾಬಾದಿನಲ್ಲಿದ್ದಳು. ಹಾಗಾಗಿ ಮನೆಯಲ್ಲಿ ಅವ್ವ ಮತ್ತು ನಾನು, ಎರಡು ತಟ್ಟೆ. ಕೆಫೆಯಿಂದ ಬಂದ ಕೂಡಲೇ ಅವ್ವ ಕೇಳುತ್ತಿದ್ದಳು, "ಇವತ್ತ ಯಾರ್ಯಾರು ಬಂದಿದ್ರು?" ಕಂಪ್ಯೂಟರೊಳಗೆ ಒಂದು ಕಟ್ಟೆ ಇದೆ, ಅಲ್ಲಿ ಮಂದಿ ಬಂದು ಕೂಡುತ್ತಾರೆ ಎಂದು ಅವಳ ತಿಳಿವಳಿಕೆ.

"ಮೈಸೂರ ಮೇಷ್ಟ್ರಿಗಿ ಮೊಣಕಾಲ ನೋವಂತ."

"ಔಡಲೆಣ್ಣಿ ಹಚ್ಚಿ ಬಿಸಿ ಉಪ್ಪಿನ ಶಾಖ ಕೊಡಂತ ಹೇಳು. ಮತ್ತ ಜರಾ ಕಡಿಮಿ ಉಣ್ಣಂತ ಹೇಳು, ದಿನಾ ದ್ವಾಸಿ ತಿಂತಾರ ಅವ್ರು."

ಮರುದಿನ ನಾನು ಅದನ್ನು ಹಾಗೆಯೇ ಕುಟ್ಟಿ ಹಾಕಿದೆ. ಗುಂಪು ಬಿದ್ದು ಬಿದ್ದು ನಕ್ಕಿತು. ಇನ್ನೊಮ್ಮೆ ಮಸ್ಕತ್ತಿನ ಹುಡುಗಿ ಸಾರು ಸೀದು ಹೋಯಿತೆಂದು ಬರೆದಾಗ ಅವ್ವ ಅಂದಳು: "ಒಲಿ ಮ್ಯಾಲ ಇಟ್ಟು ಫೋನಿನ್ಯಾಗ ಮಾತಾಡ್ಲಿಕತ್ತಿರ್ತಾಳ. ಯಾರ ಜೋಡಿ ಅಂತ ಕೇಳು." ಕೇಳಿದೆ. ಆ ಹುಡುಗಿ ನಾಚಿ ಎರಡು ದಿನ ಹಾಜರಿ ಹಾಕಲಿಲ್ಲ, ಮೂರನೇ ದಿನ ಮದುವೆ ಗೊತ್ತಾಗಿದೆ ಎಂದು ಒಪ್ಪಿಕೊಂಡಳು. ಅಲ್ಲಿಂದ ಮುಂದೆ ನನ್ನ ಊಟಕ್ಕಿಂತ ಅವ್ವನ ಮಾತಿಗೇ ಜನ ಕಾಯತೊಡಗಿದರು. "ಅವ್ವ ಏನಂದ್ರು ಇವತ್ತು?" ದಿನಾ ಅದೇ ಪ್ರಶ್ನೆ. ಖರೆ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಕುಟ್ಟುವವಳು ನಾನು, ಹೆಸರು ಅವಳಿಗೆ!

ಕಾರ್ತಿಕದ ಒಂದು ಬೆಳಿಗ್ಗೆ ಅವ್ವ ಸ್ನಾನ ಮುಗಿಸಿ, ತುಳಸಿಗೆ ನೀರು ಹಾಕಿ, ಎದೆ ಹಿಡಿದುಕೊಂಡು ಅಂಗಳದ ಪರಸಿ ಕಲ್ಲಿನ ಮೇಲೆ ಕೂತಳು. ದವಾಖಾನೆಯಿಂದ ಡಾಕ್ಟರು ಬರುವುದರೊಳಗೆ ಎಲ್ಲ ಮುಗಿದಿತ್ತು. ಚಿತ್ತಾಪುರದ ದಾಯಾದಿ ಅಣ್ಣ ಕರ್ಮ ಮಾಡಿದ. ಹದಿಮೂರು ದಿನ ಮನೆ ತುಂಬ ಮಂದಿ. ಹದಿನಾಲ್ಕನೇ ದಿನ ಅಕ್ಕ ಚೀಲ ಕಟ್ಟಿಕೊಂಡು ನಿಂತು, "ಒಬ್ಬಾಕಿ ಏನು ಮಾಡ್ತಿ ಇಲ್ಲಿ? ಶಹಾಬಾದಕ್ಕ ಬಾ, ಅಲ್ಲಿಂದನೇ ನೌಕರಿಗಿ ಓಡಾಡು" ಅಂದಳು. ಆಮೇಲೆ ನೋಡೋಣ ಅಂದೆ. ಅವಳ ಸಂಸಾರದಲ್ಲಿ ಒಂದು ಮೂಲೆ ಹಿಡಿದು ಕೂರುವ ಮನಸ್ಸು ನನಗಿರಲಿಲ್ಲ. ಅಕ್ಕನೂ ಒತ್ತಾಯ ಮಾಡಲಿಲ್ಲ.

ಕೆಫೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಗುಂಪು ತೆರೆದರೆ ಹದಿನಾಲ್ಕು ದಿನದ ಮಾತುಗಳು ಸಾಲುಗಟ್ಟಿ ಕೂತಿದ್ದವು. ಸೇಡಂ ಎಲ್ಲಿ? ಸೇಡಂಗೆ ಏನಾಯಿತು? ಅವ್ವನಿಗೆ ಹುಷಾರಿಲ್ಲವಾ? ಮೇಷ್ಟ್ರು ಬರೆದಿದ್ದರು: "ಔಡಲೆಣ್ಣೆಯಿಂದ ಮೊಣಕಾಲು ವಾಸಿ, ದಯವಿಟ್ಟು ಅಮ್ಮನವರಿಗೆ ತಿಳಿಸಿ." ಕೊನೆಯದು ಮಸ್ಕತ್ತಿನ ಹುಡುಗಿಯದು: "ನನ್ನ ಅಮ್ಮ ಹೋದ ಮೇಲೆ ನನಗೆ ಬೈಯುವವರು ನಿಮ್ಮ ಅವ್ವ ಒಬ್ಬರೇ. ಬೇಗ ಬನ್ನಿ ಮಾರಾಯ್ರೆ."

"ಅವ್ವ ಹೋದಳು" ಎಂದು ಕುಟ್ಟಿದೆ. ಅಕ್ಷರಗಳನ್ನು ನೋಡುತ್ತ ಕೂತೆ. ಸೇಡಂನಲ್ಲಿ ಸತ್ತಿದ್ದಳು, ಚಿತ್ತಾಪುರದಲ್ಲಿ, ಶಹಾಬಾದಿನಲ್ಲಿ ಎಲ್ಲರ ಬಾಯಲ್ಲೂ ಸತ್ತಿದ್ದಳು. ಇದೊಂದೇ ಜಾಗದಲ್ಲಿ ಇನ್ನೂ ಜೀವಂತ ಇದ್ದಳು. ಅದನ್ನೂ ನನ್ನ ಕೈಯಾರೆ ಮುಗಿಸಲು ನನಗೆ ಆಗಲಿಲ್ಲ. ಅಳಿಸಿ ಬರೆದೆ: "ಅಕ್ಕನ ಮನಿಗಿ ಹೋಗಿದ್ವಿ. ಅವ್ವ ಆರಾಮ ಇದ್ದಾಳ. ಮೇಷ್ಟ್ರಿಗಿ ಎಣ್ಣಿ ಬಿಡಬ್ಯಾಡಂತ ಹೇಳ್ಯಾಳ."

ಒಂದು ದಿನದ ಸುಳ್ಳು ಎಂದುಕೊಂಡಿದ್ದೆ. ಒಂಬತ್ತು ತಿಂಗಳು ನಡೆಯಿತು.

ನಾನು ಸುಳ್ಳಿನಲ್ಲೂ ಅಚ್ಚುಕಟ್ಟು. ಅವ್ವ ಇಂಥದ್ದು ಮಾಡಿದಳು ಎಂದು ಹಾಜರಿ ಹಾಕಿದ ದಿನ ಮನೆಗೆ ಹೋಗಿ ಅದನ್ನೇ ಮಾಡಿ ತಿನ್ನುತ್ತಿದ್ದೆ. ಅಷ್ಟಾದರೂ ಖರೆ ಇರಲಿ ಎಂದು. ಪುಂಡಿಪಲ್ಯ ಅಂದರೆ ಪುಂಡಿಪಲ್ಯ, ಜೋಳದ ನುಚ್ಚು ಅಂದರೆ ನುಚ್ಚು. ಹಾಜರಿ ಇಲ್ಲದಿದ್ದರೆ ನಾನು ಚಹಾ ಬ್ರೆಡ್ಡಿನ ಮೇಲೆ ದಿನ ತಳ್ಳುತ್ತಿದ್ದೆನೋ ಏನೋ. ಒಲೆ ಮುಂದೆ ನಿಂತು, ಮೇಷ್ಟ್ರ ಹೊಸ ಕನ್ನಡಕಕ್ಕೆ, ಮಸ್ಕತ್ತಿನ ಹುಡುಗಿಯ ಗಂಡನ ಗೊರಕೆಗೆ ಅವ್ವ ಏನನ್ನುತ್ತಿದ್ದಳು ಎಂದು ಗಟ್ಟಿಯಾಗಿ ಅವಳ ದನಿಯಲ್ಲೇ ಹೇಳಿ ನೋಡುತ್ತಿದ್ದೆ. ಸರಿ ಬರಲಿಲ್ಲವೆಂದರೆ ಇನ್ನೊಮ್ಮೆ. ಒಮ್ಮೊಮ್ಮೆ ಬರೋಬ್ಬರಿ ಬರುತ್ತಿತ್ತು. ಆಗ ಹಿಂದೆ ತಿರುಗಿ ನೋಡುತ್ತಿದ್ದೆ. ಹಿಂದೆ ಯಾರೂ ಇರುತ್ತಿರಲಿಲ್ಲ, ಆ ಹೊತ್ತು ಮಾತ್ರ ನನಗೆ ತಡೆಯಲಾಗುತ್ತಿರಲಿಲ್ಲ.

ಯುಗಾದಿಗೆ ಹೊಸ ಪಂಚಾಂಗ ತರಲಿಲ್ಲ. ತಿಥಿ ನೋಡುವುದು ಅವ್ವನ ಕೆಲಸ. ಅವಳಿಲ್ಲದ ಮನೆಯಲ್ಲಿ ದಿನಗಳಿಗೆ ಸೋಮವಾರ ಮಂಗಳವಾರ ಬಿಟ್ಟರೆ ಬೇರೆ ಗುರುತೇ ಇರಲಿಲ್ಲ. ಮಾಸಿಕದ ದಿನ ಅಣ್ಣ ಫೋನು ಮಾಡಿದರೆ ಚಿತ್ತಾಪುರಕ್ಕೆ ಹೋಗಿ ಬರುವುದು, ಅಷ್ಟೇ. ಜ್ಯೇಷ್ಠದಲ್ಲಿ ಒಂದು ಸಂಜೆ ಗುಂಪಿನಲ್ಲಿ ನಗೆಯ ಸುಗ್ಗಿ. ಮೇಷ್ಟ್ರು ಉಪ್ಪಿಟ್ಟಿಗೆ ಸಕ್ಕರೆ ಸುರಿದುಕೊಂಡ ಕಥೆ ಹೇಳುತ್ತಿದ್ದರು. ನಾನೂ ಹುರುಪಿನಲ್ಲಿ ಕುಟ್ಟಿದೆ: "ಇವತ್ತ ಅವ್ವ ಅನ್ನ, ತವ್ವಿ, ಬದನಿಕಾಯಿ ಎಣಗಾಯಿ ಮಾಡಿದ್ಳು. ಎರಡು ಸಲ ಹಾಕ್ಕೊಂಡು ಉಂಡ್ಳು."

ಎಲ್ಲರೂ ಬಾಯಲ್ಲಿ ನೀರೂರಿತು ಎಂದರು. ಕಾಕು ಮಾತ್ರ ಸ್ವಲ್ಪ ಹೊತ್ತು ಬಿಟ್ಟು ಬರೆದರು: "ತಂಗಿ, ನೀ ಉಂಡ್ಯಾ?"

ನಾನು "ಹೂಂ ರಿ" ಅಂದು ಮನೆಗೆ ಹೋಗಿ ಬದನೆಕಾಯಿ ಸೀಳಿದೆ.

ಮರುದಿನ ಬೆಳ್ಳಂಬೆಳಿಗ್ಗೆ ಪಕ್ಕದ ಆಚಾರರ ಮನೆಯಿಂದ ಒಗ್ಗರಣೆಯ ವಾಸನೆ. ಅಷ್ಟು ಬೇಗ ಅಡುಗೆಯಾಗುವುದು ದ್ವಾದಶಿಯ ಪಾರಣೆಗೆ ಮಾತ್ರ. ಹಾಸಿಗೆಯಲ್ಲಿ ಎದ್ದು ಕೂತೆ. ನಿನ್ನೆ ಏಕಾದಶಿ! ಜೀವಮಾನದಲ್ಲಿ ಏಕಾದಶಿಗೆ ಒಂದು ಹನಿ ನೀರು ಗುಟುಕಿಸದವಳಿಗೆ ಅನ್ನ ಹಾಕಿದ್ದೆ, ಬದನೆಕಾಯಿ ಹಾಕಿದ್ದೆ, ಅದೂ ಎರಡು ಸಲ. ಅವ್ವನ ವ್ರತ ನಾನೇ ಕೆಡಿಸಿದ್ದೆ. ಅದರ ಹಿಂದೆಯೇ ಇನ್ನೊಂದು ಭಯ: ಕಾಕು ನಿನ್ನೆ ನೀರಿನ ಹಾಜರಿ ಹಾಕಿದ್ದರು, ನಗೆಯ ಗದ್ದಲದಲ್ಲಿ ನಾನು ಅದನ್ನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಅವರಿಗೆ ಗೊತ್ತಾಗಿರಬೇಕು. ಮಧ್ಯಾಹ್ನದ ಊಟದ ವೇಳೆಯಲ್ಲೇ ಕೆಫೆಗೆ ಓಡಿ ನೋಡಿದರೆ ಯಾರೂ ಏನೂ ಅಂದಿರಲಿಲ್ಲ. ಅವತ್ತೇ ಪೇಟೆಗೆ ಹೋಗಿ ಪಂಚಾಂಗ ತಂದೆ. ಬದುಕಿದ್ದಾಗ "ಮುದುಕಿ ಆದ್ಮ್ಯಾಲ ಇದೆಲ್ಲ ಯಾಕ ಬೇಕ" ಎಂದು ಅವಳ ಉಪವಾಸಕ್ಕೆ ರೇಗುತ್ತಿದ್ದವಳು, ಈಗ ತಿಥಿ ನೋಡಿ ನೋಡಿ ಸತ್ತವಳಿಗೆ ಉಪವಾಸ ಮಾಡಿಸತೊಡಗಿದೆ.

ಶ್ರಾವಣದಲ್ಲಿ ಕಾಕು ಬರೆದರು, ಮಗನ ಜೊತೆ ಮಂತ್ರಾಲಯಕ್ಕೆ ಹೊರಟಿದ್ದೇನೆ, ಬೆಳಿಗ್ಗೆ ಗಾಡಿ ವಾಡಿಗೆ ಬರುತ್ತದೆ, ನಿಂಗ ಫುರಸತ್ತಿದ್ದರ ಬಾ. ನಮ್ಮ ಕಡೆ ಇದು ಇದ್ದದ್ದೇ. ಬಳಗದವರು ವಾಡಿ ಜಂಕ್ಷನ್ ದಾಟಿ ಹೋಗುತ್ತಿದ್ದರೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ, ಗಾಡಿ ನಿಂತಷ್ಟು ಹೊತ್ತು ಮಾತಾಡಿಸಿ ಬರುವುದು. ಗುಂಪಿನಲ್ಲಿ ಒಬ್ಬರನ್ನೊಬ್ಬರು ಯಾರೂ ಕಂಡವರಲ್ಲ. ಇದೇ ಮೊದಲು. ಎಲ್ಲರಿಗೂ ಹಬ್ಬ. ಮಸ್ಕತ್ತಿನ ಹುಡುಗಿ ಬರೆದಳು: "ಅವ್ವನನ್ನೂ ಕರ್ಕೊಂಡು ಹೋಗಿ! ಕಾಕು, ಅವ್ವನ ಫೋಟೋ ತೆಗೆದು ಹಾಕಲೇಬೇಕು, ನನ್ನ ಆಣೆ."

ಹೋಗದಿದ್ದರೆ ಅನುಮಾನ, ಹೋದರೆ ಅವ್ವ ಎಲ್ಲಿ ಎಂಬ ಪ್ರಶ್ನೆ. ಸಿಕ್ಕಿಬಿದ್ದರೆ ಆ ಗುಂಪಿನಿಂದ ಎದ್ದು ಬರಬೇಕಾಗುತ್ತದೆ. ಅದು ಹೋದರೆ ನನ್ನನ್ನು ದಿನದಲ್ಲಿ ಮಾತಾಡಿಸುವವರೇ ಇಲ್ಲ. ಮೂರು ದಿನ ಯೋಚಿಸಿ ಸುಳ್ಳು ತಯಾರು ಮಾಡಿದೆ: ಅವ್ವನಿಗೂ ಮೊಣಕಾಲು.

ಅವತ್ತು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ನೆಂಚಿಕೊಳ್ಳಲು ಶೇಂಗಾ ಹಿಂಡಿಪುಡಿ ಕಟ್ಟಿಕೊಂಡು ಪ್ಯಾಸೆಂಜರ್ ಹಿಡಿದೆ. ಚಾತುರ್ಮಾಸ್ಯದ ವ್ರತ, ಶ್ರಾವಣದಲ್ಲಿ ಕಾಕು ಕಾಯಿಪಲ್ಯ ತಿನ್ನುವುದಿಲ್ಲ ಎಂದು ಪಂಚಾಂಗ ನೋಡಿಯೇ ಬುತ್ತಿ ಕಟ್ಟಿದ್ದೆ, ಮತ್ತೆ ತಪ್ಪಬಾರದು. ವಾಡಿಯಲ್ಲಿ ಗಿಡದ ಎಲೆಗಳ ಮೇಲೆ ಎಂದಿನ ಸಿಮೆಂಟು ಧೂಳು, ಮಳೆಗೆ ಅರ್ಧ ತೊಳೆದಿತ್ತು. ಸೊಲ್ಲಾಪುರದ ಕಡೆಯ ಗಾಡಿ ಬಂತು. ಇಷ್ಟೆತ್ತರದ ದಪ್ಪ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಇಳಿದವರು ನನ್ನ ಭುಜಕ್ಕೆ ಬರುವ, ಬಿಳಿಗೂದಲಿನ, ಚೂಪು ಕಣ್ಣಿನ ಅಜ್ಜಿ.

"ನೀನೇ ಏನು ಸೇಡಂ? ಅಯ್ಯ, ಹಿಂಗ ಕಡ್ಡಿ ಆಗೀಯಲ್ಲ! ನಿನ್ನ ಹಾಜರಿ ಓದಿ ಡೊಳ್ಳು ಹೊಟ್ಟಿ ಇರ್ತದ ಅಂತ ತಿಳ್ಕೊಂಡಿದ್ದೆ."

ಮಗ ಬಾಟಲಿಗೆ ನೀರು ತುಂಬಿಸಲು ಹೋದ. ನಾನು ಬುತ್ತಿ ಕೈಗಿಟ್ಟು ಗಡಿಬಿಡಿಯಲ್ಲಿ ಶುರು ಮಾಡಿದೆ. "ಅವ್ವ ಭಾಳ ನೆನಸ್ತಿದ್ಳು ರಿ ಕಾಕು. ಬರಬೇಕಂತಿದ್ಳು, ಮೊಣಕಾಲು ಹಿಡದಾವ, ಗಾಡಿ ಹತ್ತೂದು ಆಗಂಗಿಲ್ಲ. ರೊಟ್ಟಿ ತಾನೇ ಬಡದು..."

ಕಾಕು ನನ್ನ ಮುಂಗೈ ಹಿಡಿದರು. "ಗಾಡಿ ಭಾಳ ಹೊತ್ತು ನಿಂದ್ರಂಗಿಲ್ಲ ತಂಗಿ. ಸುಳ್ಳಿನ್ಯಾಗ ಹೊತ್ತು ಕಳೀಬ್ಯಾಡ. ನಿಮ್ಮವ್ವ ತೀರ್ಕೊಂಡು ಎಷ್ಟು ದಿವಸ ಆತು?"

"ಕಾರ್ತಿಕದಾಗ ರಿ" ಅಂದೆ.

"ಏಕಾದಶಿ ದಿವಸ ಆಕಿಗಿ ಎಣಗಾಯಿ ತಿನ್ನಿಸಿದ್ಯಲ್ಲ, ಅವತ್ತೇ ತಿಳೀತು ನಂಗ. ಜೀವ ಇದ್ದಿದ್ರ ನಿನ್ನ ಬೆನ್ನಿಗಿ ಸೌಟು ಮುರೀತಿದ್ಳು."

ನನಗೆ ನಗು ಬಂತು. ಖರೆ, ಮುರಿಯುತ್ತಿದ್ದಳು. ನಗುತ್ತ ನಗುತ್ತಲೇ ಅಳು ಕಿತ್ತುಕೊಂಡು ಬಂತು. ಅವ್ವ ಸತ್ತ ದಿನ ಅತ್ತಿರಲಿಲ್ಲ, ಹದಿಮೂರನೇ ದಿನ ಅತ್ತಿರಲಿಲ್ಲ. ಚಹಾದವರು, ಹಮಾಲರು ಎಲ್ಲ ನೋಡುತ್ತಿರುವಾಗ ಪ್ಲಾಟ್‌ಫಾರ್ಮಿನ ಮೇಲೆ ಮುಖ ಮುಚ್ಚಿಕೊಂಡು ಅತ್ತೆ. ಕಾಕು ಸೆರಗಿನಿಂದ ನನ್ನ ಮುಖ ಒರೆಸಿದರು. ಅವರ ಮೈಯಿಂದ ಗೋಪಿಚಂದನದ ವಾಸನೆ ಬರುತ್ತಿತ್ತು.

"ಗುಂಪಿನವ್ರಿಗಿ ಹೇಳಬ್ಯಾಡ್ರಿ" ಅಂದೆ. "ತಿಳಿದ್ರ ನನಗ ಯಾರೂ ಮಾತಾಡ್ಸಂಗಿಲ್ಲ."

"ನಾ ಯಾಕ ಹೇಳ್ಲಿ? ಹೇಳಾಕಿ ನೀನು. ಆ ಮಸ್ಕತ್ತಿನ ಹುಡುಗಿ ದಿನಾ ಅವ್ವ ಅವ್ವ ಅಂತದ. ಅದು ಅಳಬೇಕಾದ ಅಳು ನೀ ಕಟ್ಟಿ ಇಟ್ಕೊಂಡು ಕುಂತೀದಿ. ಆ ಅಳು ನಿಂದಲ್ಲ, ಹುಡುಗಿಗಿ ಕೊಟ್ಟುಬಿಡು."

ಗಾಡಿ ಸೀಟಿ ಹಾಕಿತು. ಮಗ ಅವರನ್ನು ಹತ್ತಿಸಿದ. ಕಿಟಕಿಯಿಂದ ಕಾಕು ಕೂಗಿದರು, "ತಂಗಿ, ಉಣ್ಣು ಜರಾ!" ಗಾಡಿ ಹೋಯಿತು.

ವಾಪಸು ಬರುವ ಪ್ಯಾಸೆಂಜರಿನಲ್ಲಿ ಚಿತ್ತಾಪುರದವರೆಗೆ ಕಾಕುವಿನ ಮೇಲೆ ಕುದಿಯುತ್ತಿದ್ದೆ. ಈಕೆ ಯಾರು ನನಗೆ ಬುದ್ಧಿ ಹೇಳಲು? ತಾನು ಮಗ, ಸೊಸೆ, ಮೊಮ್ಮಕ್ಕಳ ನಡುವೆ ಕೂತು ಅವ್ವನನ್ನು ಬಿಟ್ಟುಕೊಡು ಎಂದು ನನಗೆ ಹೇಳುತ್ತಾಳೆ. ಮಳಖೇಡ ದಾಟುವ ಹೊತ್ತಿಗೆ ಸಿಟ್ಟು ಇಳಿದು ನಾಚಿಕೆ ಉಳಿಯಿತು. ಆ ಹುಡುಗಿ ಆಷಾಢದಲ್ಲಿ ಬಸುರಿಯಾದ ಸುದ್ದಿಯನ್ನು ಗಂಡನ ಮನೆಗಿಂತ ಮೊದಲು ನಮ್ಮ ಅವ್ವನಿಗೆ ಹೇಳಿದ್ದಳು. ನಾನು ಅವ್ವನ ಬಾಯಲ್ಲಿ ಆಶೀರ್ವಾದ ಮಾಡಿ ಕಳಿಸಿದ್ದೆ. ಅದು ನೆನಪಾಗಿ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಸ್ಟೇಶನ್ನಿನಿಂದ ನೇರ ಕೆಫೆಗೆ ಹೋಗಿ ಬರೆದೆ. ಕಾರ್ತಿಕದಲ್ಲಿ ಅವ್ವ ತೀರಿಕೊಂಡಳು. ಆಮೇಲೆ ನೀವು ಓದಿದ್ದೆಲ್ಲ ನಾನು ಹುಟ್ಟಿಸಿದ್ದು. ಆಶೀರ್ವಾದವೂ ನಾನೇ ಮಾಡಿದ್ದು. ತಪ್ಪಾಯಿತು. ಕಳಿಸಿ, ಉತ್ತರ ನೋಡುವ ಧೈರ್ಯವಿಲ್ಲದೆ ಎದ್ದು ಬಂದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬರ ಕೆಳಗೆ ಒಬ್ಬರು ಆತ್ಮಕ್ಕೆ ಶಾಂತಿ ಸಿಗಲಿ ಎಂದು ಬರೆದಿದ್ದರು. ಮೇಷ್ಟ್ರು "ತಾವು ಧೈರ್ಯ ತಂದುಕೊಳ್ಳಬೇಕು" ಎಂದಿದ್ದರು. ಎರಡು ವರ್ಷ ನನ್ನನ್ನು ಏನಮ್ಮಾ ಸೇಡಂ ಎಂದು ಕಾಲೆಳೆದವರ ಬಾಯಲ್ಲಿ ತಾವು! ಮಸ್ಕತ್ತಿನಿಂದ ಒಂದು ಅಕ್ಷರವಿಲ್ಲ. ಮುಂದಿನ ದಿನಗಳಲ್ಲಿ ನಾನು ಹಾಜರಿ ಹಾಕಿದರೆ ಅದರ ಕೆಳಗೆ ಯಾರೂ ಏನೂ ಬರೆಯುತ್ತಿರಲಿಲ್ಲ. ಸಾವಿನ ಮನೆಯವಳ ಹತ್ತಿರ ತಮಾಷೆ ಮಾಡಲು ಮಂದಿಗೆ ಸಂಕೋಚ, ಸುಳ್ಳಿಯ ಹತ್ತಿರ ಮಾಡಲು ಮುಜುಗರ. ನನ್ನ ಸಾಲು ಬಂದರೆ ಹರಟೆ ಒಂದು ಕ್ಷಣ ನಿಂತು, ನನ್ನನ್ನು ದಾಟಿ ಮುಂದೆ ಹೋಗುತ್ತಿತ್ತು. ಕಾಕು ಮಂತ್ರಾಲಯದಿಂದ ತವರಿಗೆ ಹೋಗಿ ಅಲ್ಲೇ ಉಳಿದಿದ್ದರು, ಅಲ್ಲಿ ಕಂಪ್ಯೂಟರ್ ಇರಲಿಲ್ಲ. ನಾನು ಹೋಗುವುದನ್ನು ದಿನಕ್ಕೊಮ್ಮೆ ಇದ್ದದ್ದು ಮೂರು ದಿನಕ್ಕೊಮ್ಮೆ ಮಾಡಿದೆ, ಆಮೇಲೆ ವಾರಕ್ಕೊಮ್ಮೆ. ಮನೆಯಲ್ಲಿ ಪುಂಡಿಪಲ್ಯ ಮಾಡುವುದು ನಿಂತಿತು. ಅವ್ವನ ದನಿ ಎಷ್ಟು ಪ್ರಯತ್ನಪಟ್ಟರೂ ಬರುವುದು ನಿಂತಿತು.

ಭಾದ್ರಪದ ಕಳೆಯುವ ಹೊತ್ತಿಗೆ ಮಸ್ಕತ್ತಿನ ಹುಡುಗಿಯ ಪತ್ರ ಬಂತು, ಗುಂಪಿಗಲ್ಲ, ನನಗೊಬ್ಬಳಿಗೇ. ಬಹಳ ಸಿಟ್ಟಿನಿಂದ ಶುರುವಾಗಿತ್ತು. "ನೀವು ಅವತ್ತೇ ಹೇಳಿದ್ದರೆ ಒಂದು ದಿನ ರಜೆ ಹಾಕಿ ಅಳ್ತಿದ್ದೆ. ಈಗ ಒಂದು ತಿಂಗಳಿಂದ ಡ್ಯೂಟಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಬೇಕಂದ್ರೆ ಅಲ್ಲಿ ಅಳು ಬರ್ತದೆ ಮಾರಾಯ್ರೆ. ನಿಮ್ಮನ್ನು ನಾನು ಯಾವತ್ತೂ ಕ್ಷಮಿಸುದಿಲ್ಲ ಅಂತ ಮಾಡಿದ್ದೆ." ಅದರ ಕೆಳಗೆ ತುಂಬ ಜಾಗ ಬಿಟ್ಟು ಒಂದು ಸಾಲು ಇತ್ತು: "ಅಂದ್ರೆ ಇಷ್ಟು ದಿನ ನೀವು ಒಬ್ಬರೇ ಕೂತು ಊಟ ಮಾಡ್ತಿದ್ದದ್ದಾ?"

ಕೆಫೆಯಲ್ಲಿ ಅವತ್ತು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವ್ವನದಲ್ಲದ, ನನ್ನದೇ ಉತ್ತರ ಬರೆಯಲು ಬಹಳ ಹೊತ್ತು ಹಿಡಿಯಿತು. ಬರೆದೆ: "ಹೌದು, ಒಬ್ಬಾಕೀನೇ. ಎಷ್ಟು ಕಮ್ಮಿ ಅಕ್ಕಿ ಹಾಕಿದ್ರೂ ಅನ್ನ ಉಳೀತದ."